ಮೆಕ್ಯಾನಿಕ್ ನಾಗೇಂದ್ರನ ಕಿವಿ

ಹೇರೋಹಳ್ಳಿಯಲ್ಲಿ ಡಾಂಬರು ಮುಗಿದು ಗುಂಡಿಗಳು ಶುರುವಾಗುವ ಕಡೆ ನಾಗೇಂದ್ರನ ಗ್ಯಾರೇಜು ಇದೆ. ಅವನ ಅಪ್ಪ ರಾಗಿ, ಅವರೆ ಬೆಳೆಯುತ್ತಿದ್ದ ಹೊಲ ಸೈಟುಗಳಾಗಿ ಹಂಚಿಹೋದಾಗ ಇವನ ಪಾಲಿಗೆ ಒಂದು ಮೂಲೆ ಸೈಟು ಬಂತು. ಹಿಂದುಗಡೆ ಮನೆ ಕಟ್ಟಿದ, ಮುಂದುಗಡೆ ತಗಡಿನ ಶೆಡ್ಡು ಹಾಕಿದ. ಬೋರ್ಡು ಬರೆಸಲಿಲ್ಲ. ಬರೆಸುವ ಅಗತ್ಯವೂ ಬೀಳಲಿಲ್ಲ. ಹಳೇ ಕಾರನ್ನು ಮಾರಲು ಮನಸ್ಸಾಗದೆ ಇಟ್ಟುಕೊಂಡವರು ನಾಗರಬಾವಿ, ಉಲ್ಲಾಳ, ಜ್ಞಾನಭಾರತಿ ಕಡೆಯಿಂದೆಲ್ಲ ಕೇಳಿಕೊಂಡು ಬರುತ್ತಿದ್ದರು.

ಅವನಿಗೆ ಹೆಸರು ತಂದುಕೊಟ್ಟದ್ದು ಕಿವಿ. ಮೀಸೆ ಮೂಡುವ ವಯಸ್ಸಿಗೇ ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನ ಒಂದು ಗ್ಯಾರೇಜಿಗೆ ಸೇರಿದ್ದ. ಒಂದು ಪಕ್ಕದಲ್ಲಿ ತಗಡು ಬಡಿಯುವ ಶೆಡ್ಡು, ಇನ್ನೊಂದು ಪಕ್ಕದಲ್ಲಿ ದಿನವಿಡೀ ಕಿರುಚುವ ಗ್ರೈಂಡಿಂಗ್ ಮಿಷನ್ನು. ಆ ಗಲಾಟೆಯ ನಡುವೆಯೇ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿಕೊಂಡು ಒಳಗಿನ ಸದ್ದು ಕೇಳುವುದನ್ನು ಕಲಿತ. ಹೇರೋಹಳ್ಳಿಗೆ ಬಂದ ಮೇಲೆ ಅದೊಂದು ತಮಾಷೆಯೇ ಆಗಿಹೋಯಿತು. ಗಾಡಿ ಇನ್ನೂ ತಿರುವಿನಲ್ಲಿರುವಾಗಲೇ, ಟೀ ಅಂಗಡಿಯ ಮುಂದೆ ಕೂತ ನಾಗೇಂದ್ರ, “ಬೆಲ್ಟು ಜಾರ್ತಾ ಇದೆ” ಅನ್ನುತ್ತಿದ್ದ. ಬಾನೆಟ್ ತೆಗೆದು ನೋಡಿದರೆ ಬೆಲ್ಟು ಜಾರುತ್ತಲೇ ಇರುತ್ತಿತ್ತು. ಟೀ ಅಂಗಡಿಯವರು ಚಪ್ಪಾಳೆ ತಟ್ಟುತ್ತಿದ್ದರು. ನಾಗೇಂದ್ರ ಏನೂ ಆಗದವನಂತೆ ಗ್ಲಾಸು ಕೆಳಗಿಟ್ಟು ಏಳುತ್ತಿದ್ದ. ಒಳಗೊಳಗೇ ಅವನಿಗೆ ಅದು ಬಹಳ ಇಷ್ಟವಾಗುತ್ತಿತ್ತು.

ಆ ಕಿವಿ ಯಾವಾಗ ಕೈಕೊಡಲು ಶುರುಮಾಡಿತು ಅನ್ನುವುದು ಅವನಿಗೂ ಗೊತ್ತಿಲ್ಲ. ಒಂದೇ ದಿನ ಆಗುವಂಥದ್ದಲ್ಲ ಅದು. ಲಾರಿ ಕೇಳಿಸುತ್ತಿತ್ತು, ನಾಯಿ ಕೇಳಿಸುತ್ತಿತ್ತು, ಅಣ್ಣ ಮುನಿಯಣ್ಣನ ದೊಡ್ಡ ಗಂಟಲು ಕೇಳಿಸುತ್ತಿತ್ತು. ಕುಕ್ಕರಿನ ಸೀಟಿ ಮಾತ್ರ ಕೇಳಿಸುತ್ತಿರಲಿಲ್ಲ. ಬೆಳಗಿನ ಹೊತ್ತು ಹಕ್ಕಿಗಳು ಕಡಿಮೆಯಾದವು ಅಂದುಕೊಂಡ. ಊರು ಬೆಳೆದಿದೆಯಲ್ಲ, ಹಕ್ಕಿಗಳೆಲ್ಲಿ ಇದ್ದಾವು? ಗಂಡಸರ ಮಾತು ಹೇಗೋ ಹಿಡಿಯಬಹುದಿತ್ತು. ಹೆಂಗಸರ ಮಾತು ಸದ್ದಾಗಿ ಬರುತ್ತಿತ್ತೇ ಹೊರತು ಮಾತಾಗಿ ಬರುತ್ತಿರಲಿಲ್ಲ. ನಾಣ್ಯದ ಮೇಲಿನ ಮುದ್ರೆ ಸವೆದ ಹಾಗೆ ಅದರೊಳಗಿನ ಅಕ್ಷರಗಳೆಲ್ಲ ಸವೆದುಹೋಗಿರುತ್ತಿದ್ದವು.

ಕೇಳಿಸಲಿಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಕಿವಿಯಿಂದ ಬದುಕಿದವನಿಗೆ ಆ ಮಾತು ಬಾಯಿಗೆ ಬರಲಿಲ್ಲ. ಅದರ ಬದಲು ಅವನು ತಲೆಯಾಡಿಸುವುದನ್ನು ಕಲಿತ. ಎದುರಿನವರ ಮುಖ ನಗುತ್ತಿದ್ದರೆ ನಕ್ಕ, ಗಂಭೀರವಾಗಿದ್ದರೆ “ಹೂಂ, ಏನ್ ಮಾಡೋಕಾಗುತ್ತೆ” ಅಂದ. ಯಾವುದೂ ಗೊತ್ತಾಗದಿದ್ದರೆ “ನೋಡೋಣ ಬಿಡಿ” ಅಂದ. ಈ ಮೂರರಲ್ಲಿ ಎಷ್ಟೋ ಮಾತುಕತೆ ಸಾಗಿಹೋಗುತ್ತದೆ. ಸಾಗದೆ ಇದ್ದದ್ದು ಟೀ ಅಂಗಡಿಯಲ್ಲಿ. ಅಲ್ಲಿ ಒಬ್ಬರ ಮೇಲೊಬ್ಬರು ಮಾತಾಡುತ್ತಾರೆ. ಯಾರೋ ಬ್ಯಾಟರಿ ಬಗ್ಗೆ ಕೇಳಿದರೆ ನಾಗೇಂದ್ರ ರೇಡಿಯೇಟರ್ ಬಗ್ಗೆ ಹೇಳಿದ. ಎಲ್ಲರೂ ನಕ್ಕರು. ಅವನೂ ನಕ್ಕ. ಮಾರನೆಯ ದಿನದಿಂದ ಟೀಯನ್ನು ಶೆಡ್ಡಿಗೇ ತರಿಸಿಕೊಂಡ. “ಸೈಟಿಗೆ ರೇಟು ಬಂದ್ಮೇಲೆ ನಾಗೇಂದ್ರಂಗೆ ಗತ್ತು ಬಂತು ಗುರು” ಎಂದು ಜನ ಆಡಿಕೊಂಡರು. ಅದೂ ಅವನಿಗೆ ಕೇಳಿಸಲಿಲ್ಲ.

ಮನೆಯಲ್ಲಿ ಹೆಂಡತಿ ಲತಾ ಅಡುಗೆಮನೆಯಿಂದಲೇ ಮಾತಾಡುವವಳು. ಒಗ್ಗರಣೆ ಹಾಕುತ್ತಾ, ಪಾತ್ರೆ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ ದಿನದ ಸುದ್ದಿಯನ್ನೆಲ್ಲ ಹೇಳುವುದು ಅವಳ ಅಭ್ಯಾಸ. ನಾಗೇಂದ್ರ ಊಟ ಮಾಡುತ್ತಾ “ಹೂಂ” ಅನ್ನುತ್ತಿದ್ದ. ಕೈ ತೊಳೆದು ಶೆಡ್ಡಿಗೆ ಹೋಗಿಬಿಡುತ್ತಿದ್ದ. ಅಲ್ಲಿ ಕೆಲಸ ಇಲ್ಲದಿದ್ದರೂ ಹೋಗುತ್ತಿದ್ದ. ಯಾರೂ ಏನೂ ಕೇಳದ ಜಾಗ ಅದೊಂದೇ. ಒಮ್ಮೊಮ್ಮೆ ತೆಗೆದಿಟ್ಟ ಸೀಟಿನ ಮೇಲೆ ಕೂತು, ರಸ್ತೆಯಲ್ಲಿ ಹೋಗುವವರ ಬಾಯಿ ಆಡುವುದನ್ನು ನೋಡುತ್ತಿದ್ದ. ಗಾಜಿನಾಚೆ ಮದುವೆ ಮನೆ ನೋಡಿದ ಹಾಗಿರುತ್ತಿತ್ತು.

ಅವರಿಗೆ ಒಬ್ಬಳೇ ಮಗಳು, ಚೈತ್ರ. ಕೆಂಗೇರಿ ಉಪನಗರದ ಶಿವಕಿರಣ್ ಎಂಬುವನಿಗೆ ಕೊಟ್ಟು ಮದುವೆ ಮಾಡಿದ್ದರು. ಮದುವೆಗೆ ಮುಂಚೆ ಅವಳು ಸಂಜೆ ಹೊತ್ತು ಶೆಡ್ಡಿನಲ್ಲಿ ಅಪ್ಪನ ಪಕ್ಕ ಕೂತು ಹರಟುತ್ತಿದ್ದವಳು. ಹೋದ ಯುಗಾದಿಗೆ ಬಂದು ನಾಲ್ಕು ದಿನ ಇದ್ದಳು. ನಾಗೇಂದ್ರನೇ ತನ್ನ ಓಮ್ನಿಯಲ್ಲಿ ಅವಳನ್ನು ವಾಪಸ್ ಬಿಟ್ಟುಬಂದ. ಅದಾದ ಮೇಲೆ ಅವಳು ಹೇರೋಹಳ್ಳಿಗೆ ಬರುವುದನ್ನೇ ಬಿಟ್ಟಳು. ಫೋನು ಅಮ್ಮನಿಗೆ ಮಾತ್ರ ಬರುತ್ತಿತ್ತು. ಮದುವೆಯಾದ ಮೇಲೆ ಹೆಣ್ಣುಮಕ್ಕಳು ಹೀಗೇ ಇರಬೇಕು ಅಂದುಕೊಂಡ ನಾಗೇಂದ್ರ. ಗೌರಿ ಹಬ್ಬದ ಹಿಂದಿನ ದಿನ, ಮಗಳಿಗೆ ಬಾಗಿನ ಹೋಗಬೇಕಲ್ಲ ಎಂದು, “ಕೆಂಗೇರಿಗೆ ಬಾಗಿನ ಯಾವಾಗ ಕೊಟ್ಟು ಬರೋಣ? ಅಳಿಯಂದಿರು ಮನೇಲಿ ಇರ್ತಾರಾ?” ಎಂದು ಲತಾಳನ್ನು ಕೇಳಿದ. ಲತಾ ಅವನನ್ನು ಒಂದು ಥರ ನೋಡಿದಳು. ಕೈಯಲ್ಲಿದ್ದ ಮೊರವನ್ನು ಕುಕ್ಕಿ ಒಳಗೆ ಹೋದಳು. ಆ ದಿನವೆಲ್ಲ ಮಾತಾಡಲಿಲ್ಲ. ತಾನು ಏನು ತಪ್ಪು ಮಾತಾಡಿದೆ ಅಂತ ಅವನಿಗೆ ತಿಳಿಯಲಿಲ್ಲ. ಕೇಳಲೂ ಹೋಗಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಕೇಳಿಸುವುದಿಲ್ಲ.

ದೀಪಾವಳಿ ಮುಗಿದ ಮೇಲೆ ಅನಂತಲಕ್ಷ್ಮಿ ಎಂಬುವರು ಒಂದು ಕೆಂಪು ಝೆನ್ ಕಾರು ತಂದರು. ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು; ಜ್ಞಾನಭಾರತಿ ಹತ್ತಿರ ಒಬ್ಬರೇ ಇದ್ದರು. ಕಾರು ಅವರ ಜೊತೆಗೇ ವಯಸ್ಸಾದದ್ದು.

“ಸಿಗ್ನಲ್‌ನಲ್ಲಿ ನಿಂತ್ರೆ ಸಾಕು, ರೇಸಿಗೆ ನಿಂತ ಹಾಗೆ ಕೂಗುತ್ತೆ. ನಾನು ಆಕ್ಸಿಲರೇಟರ್ ಮುಟ್ಟಿರಲ್ಲ. ಪಕ್ಕದ ಸ್ಕೂಟರಿನವರೆಲ್ಲ ತಿರುಗಿ ನೋಡ್ತಾರೆ, ಈ ಆಂಟಿಗೆ ಏನು ಅವಸರ ಅಂತ. ನಾಚಿಕೆಯಾಗುತ್ತೆ,” ಅಂದರು.

ಎದುರಿಗೆ ನಿಂತು ಹೇಳಿದ್ದರಿಂದ ಅಷ್ಟು ನಾಗೇಂದ್ರನಿಗೆ ಅರ್ಥವಾಯಿತು. ಅವನು ಬಾನೆಟ್ ಎತ್ತಿ ಬಗ್ಗಿದ ಮೇಲೆ ಅವರು ಬೆನ್ನ ಹಿಂದಿನಿಂದ ಇನ್ನೂ ಏನೋ ಹೇಳುತ್ತಿದ್ದರು. “ಹೂಂ ಮೇಡಂ, ನೋಡ್ತೀನಿ,” ಅಂದ.

ನಿಂತ ಗಾಡಿಯಲ್ಲಿ ಎಂಜಿನ್ನು ಮೆಲ್ಲಗೆ ಉಸಿರಾಡುತ್ತಾ ಇರಬೇಕು. ಅದಕ್ಕೆ ಬೇಕಾದಷ್ಟೇ ಗಾಳಿ ಒಳಗೆ ಹೋಗಬೇಕು. ಹೆಚ್ಚು ಗಾಳಿ ಹೋದರೆ ಅದು ತಾನಾಗಿಯೇ ಏರುತ್ತದೆ. ಗಾಳಿ ಹೆಚ್ಚಾಗುವುದಕ್ಕೆ ಕಾರಣಗಳು ಹಲವು. ನಾಗೇಂದ್ರ ಸುಲಭದ್ದರಿಂದ ಶುರುಮಾಡಿದ. ಆಕ್ಸಿಲರೇಟರ್ ಕೇಬಲ್ಲು ಬಿಗಿಯಾಗಿದೆಯೇ ನೋಡಿದ, ಸ್ವಲ್ಪ ಸಡಿಲಿಸಿದ. ಗಾಳಿ ಒಳಗೆ ಬಿಡುವ ಮುಚ್ಚಳದಲ್ಲಿ ಕಪ್ಪು ಮಸಿ ಕಟ್ಟಿತ್ತು, ಸ್ಪ್ರೇ ಹೊಡೆದು ಒರೆಸಿದ. ಕೊನೆಗೆ ಸ್ಕ್ರೂ ತಿರುಗಿಸಿ ಐಡ್ಲಿಂಗ್, ಅಂದರೆ ನಿಂತಾಗಿನ ಎಂಜಿನ್ ವೇಗ, ಇಳಿಸಿದ. ಕಾರು ತಣ್ಣಗಾಯಿತು. ಅನಂತಲಕ್ಷ್ಮಿ ಖುಷಿಯಿಂದ ಹೋದರು.

ವಾರ ಕಳೆಯುವುದರೊಳಗೆ ಕಾರು ಮತ್ತೆ ಬಂತು, ಮೊದಲಿಗಿಂತ ಜೋರಾಗಿ ಕೂಗುತ್ತಾ. ಈ ಸಲ ಅವನು ಕಾರನ್ನು ಇಟ್ಟುಕೊಂಡ. ಐಡ್ಲಿಂಗ್ ನೋಡಿಕೊಳ್ಳುವ ವಾಲ್ವನ್ನು ತೆಗೆದು, ಶೆಡ್ಡಿನಲ್ಲಿದ್ದ ಇನ್ನೊಂದು ಕಾರಿನದನ್ನು ಹಾಕಿ ನೋಡಿದ. ಬದಲಾಗಲಿಲ್ಲ. ಎಂಜಿನ್ ಬಿಸಿಯಾಗಿದೆಯೋ ಇಲ್ಲವೋ ಎಂದು ಹೇಳುವ ಸೆನ್ಸರ್ ಬದಲಾಯಿಸಿದ. ಬದಲಾಗಲಿಲ್ಲ. ಎಲ್ಲೋ ರಬ್ಬರ್ ಪೈಪು ಬಿರಿದು ಕಳ್ಳಗಾಳಿ ಒಳಗೆ ಹೋಗುತ್ತಿರಬಹುದೇ ಎಂದು ಯೋಚಿಸದೆ ಇರಲಿಲ್ಲ. ಆದರೆ ಹಾಗೆ ಗಾಳಿ ಎಳೆದರೆ ಬುಸ್ ಎನ್ನುವ ಸದ್ದು ಬರಬೇಕು. ಬಾನೆಟ್ ಕೆಳಗೆ ತಲೆ ತೂರಿಸಿ ಆ ಕಡೆ ಈ ಕಡೆ ಕಿವಿ ಕೊಟ್ಟು ಕೇಳಿದ. ಎಂಜಿನ್ನಿನ ಗುಡುಗು ಬಿಟ್ಟು ಬೇರೇನೂ ಇಲ್ಲ. ಸದ್ದಿಲ್ಲ ಎಂದಮೇಲೆ ಲೀಕಿಲ್ಲ. ಅವನ ಜೀವಮಾನದಲ್ಲಿ ಈ ಲೆಕ್ಕ ತಪ್ಪಿರಲಿಲ್ಲ. ಹಾಗಾಗಿ ಆ ಪೈಪುಗಳನ್ನು ಮುಟ್ಟಲೇ ಇಲ್ಲ.

ಕೆಲವು ದಿನ ಕಾರು ಶೆಡ್ಡಿನಲ್ಲೇ ನಿಂತಿತು. ನಾಗೇಂದ್ರ ದಿನಾ ಬೆಳಗ್ಗೆ ಅದನ್ನು ಸ್ಟಾರ್ಟ್ ಮಾಡುವುದು, ಅದು ಕೂಗುವುದು, ಇವನು ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದು. ಇಂಥದ್ದು ಅವನಿಗೆ ಆದದ್ದೇ ಇಲ್ಲ. ಊಟ ಸೇರಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ, ತನ್ನನ್ನೇ ಕೇಳಿಕೊಂಡು ಬರುತ್ತಿದ್ದವರ ಹತ್ತಿರ ಹೋಗಿ ಏನೆಂದು ಕೇಳುವುದು?

ಆ ಶುಕ್ರವಾರ ಬೆಳಗ್ಗೆ ಅನಂತಲಕ್ಷ್ಮಿ ಆಟೋದಲ್ಲಿ ಬಂದಿಳಿದರು. ಕಾರು ಸ್ಟಾರ್ಟ್ ಆಗಿಯೇ ಇತ್ತು. ಅವರು ಬಾನೆಟ್ ಹತ್ತಿರ ಬಂದು, ಒಂದು ಕ್ಷಣ ನಿಂತು, ಬೆರಳು ತೋರಿಸಿ ಏನೋ ಅಂದರು. ನಾಗೇಂದ್ರ ತಲೆಯಾಡಿಸಿದ. ಅವರು ಮತ್ತೆ ಅದನ್ನೇ ಅಂದರು. ಅವನು ಮತ್ತೆ ತಲೆಯಾಡಿಸಿದ. ಅವರ ಮುಖದಲ್ಲಿ ಅಸಮಾಧಾನ ಕಂಡಿತು. ಅವನು ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದ.

“ನಾಗೇಂದ್ರ, ಆ ಬುಸ್ ಅನ್ನೋ ಸದ್ದು ಏನು ಅಂತ ನೋಡಿದ್ರಾ ಅಂತ ಕೇಳ್ತಿದೀನಿ.”

“ಯಾವ ಸದ್ದು ಮೇಡಂ?”

“ಹಾವು ಬುಸುಗುಟ್ಟಿದ ಹಾಗೆ ಬರುತ್ತಲ್ಲ, ಅದು. ಮೊದಲ ದಿನಾನೇ ಹೇಳಿದ್ನಲ್ಲ ನಿಮಗೆ? ಬ್ರೇಕೂ ಗಟ್ಟಿಯಾಗಿದೆ ಅಂದೆ. ಹೂಂ ನೋಡ್ತೀನಿ ಅಂದ್ರಿ.”

ಬುಸುಗುಟ್ಟುವ ಸದ್ದು, ಜೊತೆಗೆ ಗಟ್ಟಿಯಾದ ಬ್ರೇಕು. ಇಷ್ಟು ಹೇಳಿದರೆ ಕೆಲಸ ಕಲಿಯಲು ಬಂದವನೂ ಎಲ್ಲಿ ನೋಡಬೇಕು ಅಂತ ಹೇಳುತ್ತಾನೆ. ಎಂಜಿನ್ನಿನಿಂದ ಬ್ರೇಕಿಗೆ ಬಲ ಕೊಡುವ ಒಂದು ದಪ್ಪ ರಬ್ಬರ್ ಪೈಪು ಹೋಗುತ್ತದೆ, ಎಂಜಿನ್ನಿನ ಹಿಂದೆ, ಕಣ್ಣಿಗೆ ಬೀಳದ ಕಡೆ. ಅದು ಬಿರಿದರೆ ಎಂಜಿನ್ನು ಕಳ್ಳಗಾಳಿ ಎಳೆಯುತ್ತದೆ, ಬ್ರೇಕೂ ಗಟ್ಟಿಯಾಗುತ್ತದೆ. ಮೊದಲ ದಿನವೇ ರೋಗ ಯಾವುದು ಅಂತ ಅವರು ಬಾಯಿಬಿಟ್ಟು ಹೇಳಿದ್ದರು. ಇವನು ತಲೆಯಾಡಿಸಿದ್ದ.

ಮತ್ತೆ ಸ್ಟಾರ್ಟ್ ಮಾಡಿದ. ಆ ಪೈಪಿನ ಹತ್ತಿರ ತಲೆ ಬಗ್ಗಿಸಿದ, ಕೂದಲು ಸುಡುವಷ್ಟು ಹತ್ತಿರ. ಏನೂ ಇಲ್ಲ.

“ಈಗ್ಲೂ ಬರ್ತಿದೆಯಾ ಮೇಡಂ?”

ಅವರು ಹೌದೆಂದು ತಲೆಯಾಡಿಸಿದರು. ಅವನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಹತ್ತಿರ ಬಂದು, ನಿಧಾನವಾಗಿ, ಬಾಯಿ ಬಿಡಿಸಿ ಕೇಳಿದರು: “ನಿಮಗೆ ಕೇಳಿಸ್ತಿಲ್ವಾ?”

“ಗಾಡಿ ಸೌಂಡು ಜಾಸ್ತಿ ಇದೆಯಲ್ಲ,” ಅಂದ ನಾಗೇಂದ್ರ, ಸ್ವಲ್ಪ ಒರಟಾಗಿ.

ಶೆಡ್ಡಿನ ಮೂಲೆಯಲ್ಲಿ ಪೆಟ್ರೋಲ್ ಎಳೆಯುವ ಪ್ಲಾಸ್ಟಿಕ್ ಪೈಪಿನ ಹೊಸ ತುಂಡೊಂದು ನೇತಾಡುತ್ತಿತ್ತು. ನಾಗೇಂದ್ರ ಅದನ್ನು ತೆಗೆದ, ಒರೆಸಿದ, ಒಂದು ತುದಿಯನ್ನು ಅವರ ಕೈಗೆ ಕೊಟ್ಟ. “ಕಿವಿಗೆ ಹಿಡ್ಕೊಳ್ಳಿ ಮೇಡಂ. ಸದ್ದು ಜೋರಾದಾಗ ಕೈ ಎತ್ತಿ.” ಇನ್ನೊಂದು ತುದಿಯನ್ನು ಎಂಜಿನ್ನಿನ ಮೇಲೆ ಅಂಗುಲ ಅಂಗುಲವಾಗಿ ಸರಿಸತೊಡಗಿದ. ಕಾಟನ್ ಸೀರೆ ಉಟ್ಟ ಆ ಹೆಂಗಸು ಕಣ್ಣು ಮುಚ್ಚಿಕೊಂಡು ಶೆಡ್ಡಿನಲ್ಲಿ ನಿಂತು ಕೇಳುತ್ತಿದ್ದರು. ಎಷ್ಟೋ ವರ್ಷ ತಾನು ಹಾಗೆ ನಿಂತಿದ್ದು ನಾಗೇಂದ್ರನಿಗೆ ನೆನಪಾಯಿತು. ಪೈಪಿನ ತುದಿ ಎಂಜಿನ್ನಿನ ಹಿಂಬದಿಗೆ ಹೋಗಿ ಬ್ರೇಕಿನ ಪೈಪಿನ ಅಡಿಗೆ ಬಂದಾಗ ಅವರು ಬೆಚ್ಚಿ ಕೈ ಎತ್ತಿದರು.

ಅವನು ಪ್ಲೈಯರ್ ತೆಗೆದುಕೊಂಡು ಆ ರಬ್ಬರ್ ಪೈಪನ್ನು ಎಂಜಿನ್ನಿಗೆ ಸೇರುವ ಕಡೆ ಒತ್ತಿ ಹಿಡಿದ. ಎಂಜಿನ್ನು ತಟ್ಟನೆ ಇಳಿಯಿತು. ಅದು ಇಳಿದದ್ದು ಬಾನೆಟ್ಟಿನ ಅಂಚಿಗಿಟ್ಟಿದ್ದ ಅವನ ಎಡಗೈಗೆ ಗೊತ್ತಾಯಿತು. ಬಿಟ್ಟ, ಏರಿತು. ಹಿಡಿದ, ಇಳಿಯಿತು. ಬಿಚ್ಚಿ ಹೊರತೆಗೆದು ನೋಡಿದರೆ ಅಡಿಭಾಗದಲ್ಲಿ ಉಗುರಿನುದ್ದದ ಬಿರುಕು. ಹೊಸ ಪೈಪು ಹಾಕಿ, ಸ್ಕ್ರೂವನ್ನು ಮೊದಲಿದ್ದ ಜಾಗಕ್ಕೆ ತಂದು, ಸ್ಟಾರ್ಟ್ ಮಾಡಿದ. ಕೆಂಪು ಕಾರು ತಣ್ಣಗೆ ಉಸಿರಾಡತೊಡಗಿತು.

ಅನಂತಲಕ್ಷ್ಮಿ ನಗುತ್ತಾ ಏನೋ ಅಂದರು. ನಾಗೇಂದ್ರ ಅಭ್ಯಾಸದಂತೆ ನಕ್ಕು ತಲೆಯಾಡಿಸಲು ಹೋದ. ಕತ್ತು ಅರ್ಧ ಬಗ್ಗಿತ್ತು. ಅಲ್ಲಿಗೇ ನಿಂತ.

“ಮೇಡಂ, ಕೇಳಿಸ್ಲಿಲ್ಲ. ನನಗೆ ಕಿವಿ ಕೇಳ್ಸಲ್ಲ. ಇನ್ನೊಂದ್ಸಲ ಹೇಳಿ.”

ಅವರು ಹತ್ತಿರ ಬಂದು ಬಿಡಿಸಿ ಹೇಳಿದರು. “ಕೈ ತೊಳ್ಕೊಳ್ಳೋಕೆ ನೀರು ಸಿಗುತ್ತಾ ಅಂದೆ ಅಷ್ಟೇ.”

ಅವನು ಚೊಂಬಿನಲ್ಲಿ ನೀರು ತಂದು ಅವರ ಕೈಗೆ ಹೊಯ್ದ. ಅವರು ಹೋಗುವ ಮುಂಚೆ, “ತೋರಿಸ್ಕೊಳ್ಳಿ ನಾಗೇಂದ್ರ. ಸುಮ್ನೆ ಬಿಡಬೇಡಿ,” ಅಂದರು. ಅದನ್ನೂ ಎರಡು ಸಲ ಹೇಳಿಸಿಕೊಂಡ.

ಕಾರು ಹೋದ ಮೇಲೆ ಅವನು ತೆಗೆದಿಟ್ಟ ಸೀಟಿನ ಮೇಲೆ ಕೂತ. ಪೈಪು ಸಿಕ್ಕಿದ ಸಮಾಧಾನ ಬರಲಿಲ್ಲ. ‘ಮೊದಲ ದಿನಾನೇ ಹೇಳಿದ್ನಲ್ಲ’ ಅನ್ನುವ ಮಾತು ತಲೆಯಲ್ಲಿ ನಿಂತುಬಿಟ್ಟಿತ್ತು. ಹೀಗೆ ಇನ್ನು ಯಾರು ಯಾರು ಏನೇನು ಹೇಳಿದ್ದಾರೋ. ಎಷ್ಟು ಮಾತಿಗೆ ತಲೆಯಾಡಿಸಿದ್ದೇನೋ. ಯೋಚಿಸುತ್ತಾ ಯೋಚಿಸುತ್ತಾ ಯುಗಾದಿ ಆದ ಮೇಲಿನ ಆ ದಿನ ನೆನಪಿಗೆ ಬಂತು. ಓಮ್ನಿಯಲ್ಲಿ ಎಂಜಿನ್ನು ಸೀಟಿನ ಕೆಳಗೇ ಇರುತ್ತದೆ. ಕಿಟಕಿ ತೆರೆದಿತ್ತು, ಉಲ್ಲಾಳದ ರಸ್ತೆಯಲ್ಲಿ ಟಿಪ್ಪರುಗಳು. ಚೈತ್ರ ಕಿಟಕಿ ಕಡೆ ಮುಖ ಮಾಡಿಕೊಂಡು ಏನೋ ಹೇಳುತ್ತಲೇ ಇದ್ದಳು. ಒಮ್ಮೆ ಅವನ ತೋಳು ಹಿಡಿದು ಅಲ್ಲಾಡಿಸಿದಳು. ಅತ್ತೆಮನೆಗೆ ಹೋಗುವ ಬೇಸರ ಅಂದುಕೊಂಡು ಅವನು ನಕ್ಕು, “ಹೂಂ ಕಣಮ್ಮ, ಎಲ್ಲಾ ಸರಿ ಹೋಗುತ್ತೆ, ಸುಮ್ನಿರು,” ಅಂದಿದ್ದ. ಗೇಟಿನ ಮುಂದೆ ಇಳಿದವಳು ತಿರುಗಿ ನೋಡಿರಲಿಲ್ಲ.

ಅವನು ಎದ್ದು ಮನೆಯೊಳಗೆ ಹೋದ. ಲತಾ ಸೊಪ್ಪು ಬಿಡಿಸುತ್ತಾ ಟಿವಿ ನೋಡುತ್ತಿದ್ದಳು. ಟಿವಿ ಆರಿಸಿ ಅವಳ ಎದುರಿಗೆ ನೆಲದ ಮೇಲೆ ಕೂತ.

“ಲತಾ, ಯುಗಾದಿಗೆ ಬಂದಾಗ ಚೈತ್ರ ಗಾಡೀಲಿ ನನಗೆ ಏನೋ ಹೇಳಿದ್ಲು. ಏನು ಅದು?”

ಲತಾ ಸೊಪ್ಪಿನಿಂದ ಕೈ ತೆಗೆಯಲಿಲ್ಲ. “ಈಗ ಕೇಳ್ತೀರಾ? ನಿಮಗೇ ತಾನೇ ಹೇಳಿದ್ದು. ನಕ್ಕುಬಿಟ್ರಂತೆ.”

“ನನಗೆ ಕೇಳಿಸ್ಲಿಲ್ಲ ಕಣೇ. ಕಿವಿ ಕೇಳಿಸ್ತಿಲ್ಲ ನನಗೆ. ಬಹಳ ದಿನ ಆಯ್ತು.”

ಅವಳು ತಲೆಯೆತ್ತಿ ಬಹಳ ಹೊತ್ತು ಅವನನ್ನು ನೋಡಿದಳು. ಅವನು ಸುಳ್ಳು ಹೇಳುವಾಗ ಮೂಗು ಉಜ್ಜಿಕೊಳ್ಳುವುದು ಅವಳಿಗೆ ಗೊತ್ತು. ಅವನ ಕೈ ಎರಡೂ ಮಂಡಿಯ ಮೇಲಿದ್ದವು.

“ಹಾಗಾದ್ರೆ ನಿಮಗೆ ಏನೂ ಗೊತ್ತಿಲ್ವಾ?”

“ಏನು ಗೊತ್ತಿರಬೇಕು?”

ಲತಾ ಹೇಳಿದಳು. ಮೊದಲ ಸಲ ವೇಗವಾಗಿ ಹೇಳಿ, ಅವನ ಮುಖ ನೋಡಿ, ಮತ್ತೆ ನಿಧಾನವಾಗಿ ಹೇಳಿದಳು. ಶಿವಕಿರಣ್ ಚೈತ್ರಳ ಮೇಲೆ ಕೈ ಮಾಡುತ್ತಿದ್ದ. ಅದನ್ನು ಅವಳು ಮೊದಲು ಹೇಳಿದ್ದು ಅಪ್ಪನಿಗೆ, ಆ ದಿನ, ಓಮ್ನಿಯಲ್ಲಿ. ‘ಗಾಡಿ ತಿರುಗಿಸಪ್ಪಾ, ನಾನು ಅಲ್ಲಿಗೆ ಹೋಗಲ್ಲ’ ಅಂದಿದ್ದಳು. ಅಪ್ಪ ನಕ್ಕು, ಸುಮ್ನಿರು ಅಂದು, ಅದೇ ಗೇಟಿನ ಮುಂದೆ ಇಳಿಸಿ ಬಂದಿದ್ದ. ಇನ್ನೆರಡು ತಿಂಗಳು ಅವಳು ಅಲ್ಲೇ ಇದ್ದು, ಒಂದು ದಿನ ತಾನೇ ಬಟ್ಟೆ ತುಂಬಿಕೊಂಡು ಹೊರಬಂದಿದ್ದಳು. ಅಪ್ಪ ಸೇರಿಸುವುದಿಲ್ಲ ಎಂದು ಹೇರೋಹಳ್ಳಿಗೆ ಬರಲಿಲ್ಲ. ವಿಜಯನಗರದಲ್ಲಿ ಒಂದು ರೂಮು ಹಿಡಿದು, ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು.

“ನಾನು ಎಷ್ಟು ಸಲ ಹೇಳಿದೆ ನಿಮಗೆ! ಅವಳನ್ನ ಕರ್ಕೊಂಡು ಬರೋಣ, ಅವಳನ್ನ ಕರ್ಕೊಂಡು ಬರೋಣ ಅಂತ. ಊಟ ಮಾಡ್ತಾ ‘ಹೂಂ’ ಅಂದು ಎದ್ದು ಹೋಗೋರು. ಗೌರಿ ಹಬ್ಬಕ್ಕೆ ಅಳಿಯಂದಿರು ಇರ್ತಾರಾ ಅಂತ ಕೇಳಿದ್ರಿ. ಬೇಕೂಂತಲೇ ಚುಚ್ತಿದಾರೆ ಅಂದ್ಕೊಂಡೆ ನಾನು.”

“ನೀನು ಅಡುಗೆಮನೇಲಿ ನಿಂತು ಹೇಳ್ತೀಯ,” ಅಂದ ನಾಗೇಂದ್ರ. ಲತಾ ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಒಂದೇ ಸೂರಿನ ಕೆಳಗೆ ಇಬ್ಬರೂ ಇಷ್ಟು ದಿನ ಬೇರೆ ಬೇರೆ ಊರಿನಲ್ಲಿದ್ದಂತೆ ಇದ್ದರು.

ಭಾನುವಾರ ಅವನು ಓಮ್ನಿ ತೆಗೆಯದೆ, ಬಸ್ಸಿನಲ್ಲಿ ಒಬ್ಬನೇ ವಿಜಯನಗರಕ್ಕೆ ಹೋದ. ಲತಾ ಬರುತ್ತೇನೆ ಅಂದಳು, ಬೇಡ ಅಂದ. ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ, ಎರಡು ಮಹಡಿ ಹತ್ತಿದರೆ, ನೀರಿನ ಟ್ಯಾಂಕಿನ ಪಕ್ಕದ ರೂಮು. ಬಾಗಿಲು ತೆಗೆದ ಚೈತ್ರ ತೆಳ್ಳಗಾಗಿದ್ದಳು. ಅಪ್ಪನನ್ನು ನೋಡಿ ಅವಳ ಮುಖ ಬಿಗಿಯಿತು.

“ಏನಪ್ಪಾ, ಮತ್ತೆ ಕೆಂಗೇರಿಗೆ ಬಿಡೋಕೆ ಬಂದ್ಯಾ?”

ಕೆಂಗೇರಿ ಎಂಬುದಷ್ಟೇ ಅವನಿಗೆ ತುಟಿಯಿಂದ ತಿಳಿಯಿತು. ಒಳಗೆ ಬಾ ಎಂದು ಅವಳು ಕರೆಯಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ಅವನೇ ಒಳಗೆ ಹೋಗಿ ಅಲ್ಲಿದ್ದ ಒಂದೇ ಕುರ್ಚಿಯ ಮೇಲೆ ಕೂತ.

“ಚೈತ್ರ, ನನಗೆ ಕಿವಿ ಕೇಳಿಸ್ತಿಲ್ಲಮ್ಮ. ಅವತ್ತೂ ಕೇಳಿಸ್ಲಿಲ್ಲ. ನೀನು ಏನು ಹೇಳಿದೆ ಅಂತ ನನಗೆ ಮೊನ್ನೆವರೆಗೂ ಗೊತ್ತಿರಲಿಲ್ಲ.”

ಅವಳು ನಂಬಲಿಲ್ಲ. ತಿರುವಿನಾಚೆಯ ಕಾರಿನ ಬೆಲ್ಟು ಜಾರುವುದನ್ನು ಕೇಳಿಸಿಕೊಳ್ಳುವ ಅಪ್ಪನ ಮಗಳು ಅವಳು. ತಿರುಗಿ ಸ್ಟವ್ ಕಡೆ ಹೋಗಿ, ಅವನಿಗೆ ಬೆನ್ನು ಮಾಡಿ ನಿಂತು, ಚೆನ್ನಾಗಿ ಕೇಳಿಸುವಷ್ಟು ಗಟ್ಟಿಯಾಗಿಯೇ ಅಂದಳು: “ಎದ್ದು ಹೋಗು ಇಲ್ಲಿಂದ. ನೀನು ಸತ್ರೂ ನಾನು ಬರಲ್ಲ.”

ಹೇಳಿ ತಿರುಗಿ ನೋಡಿದಳು. ನಾಗೇಂದ್ರ ಕುರ್ಚಿಯ ತುದಿಯಲ್ಲಿ ಕೂತು, ಅವಳು ಕಾಫಿ ಮಾಡುತ್ತಿದ್ದಾಳೆ ಅಂದುಕೊಂಡು, ಸಣ್ಣಗೆ ನಗುತ್ತಾ ಕಾಯುತ್ತಿದ್ದ. ಅವಳು ತಿರುಗಿದ್ದನ್ನು ನೋಡಿ, “ಸಕ್ಕರೆ ಕಡಿಮೆ ಹಾಕಮ್ಮ,” ಅಂದ.

ಚೈತ್ರ ಸ್ಟವ್ ಪಕ್ಕದ ಗೋಡೆಗೆ ಒರಗಿ ಕುಸಿದು ಕೂತಳು. ಅವಳು ಯಾಕೆ ಅಳುತ್ತಿದ್ದಾಳೆ ಅಂತ ಅವನಿಗೆ ಗೊತ್ತಾಗಲಿಲ್ಲ. ತಾನು ಏನು ಅಂದೆ ಎಂದು ಅವಳು ಅವನಿಗೆ ಹೇಳಲಿಲ್ಲ. ಮುಂದೆ ಅಮ್ಮನಿಗಷ್ಟೇ ಹೇಳಿದಳು. ಅವನು ಎದ್ದು ಬಂದು ಪಕ್ಕದಲ್ಲಿ ಕೂತ. ತಲೆ ಮುಟ್ಟಲು ಕೈ ಎತ್ತಿದ, ಧೈರ್ಯ ಸಾಲದೆ ಇಳಿಸಿದ.

ಅವಳು ಕಣ್ಣೊರೆಸಿಕೊಂಡು ಅವನ ಕಡೆ ಮುಖ ಮಾಡಿದಳು. “ಕೇಳಿಸ್ಲಿಲ್ಲ ಅಂತ ಹೇಳೋಕೆ ಏನಾಗಿತ್ತಪ್ಪಾ? ಒಂದು ಮಾತು. ಗಾಡಿ ನಿಲ್ಲಿಸಿ, ಏನಮ್ಮಾ ಅಂತ ಒಂದು ಮಾತು ಕೇಳಿದ್ರೆ ಆಗ್ತಿತ್ತು.”

“ನಾಚಿಕೆ ಆಗ್ತಿತ್ತು.”

“ನನಗೂ ಆಗಿತ್ತು. ಹೊಡಿಸ್ಕೊಂಡೆ ಅಂತ ಹೇಳೋಕೆ. ಆದ್ರೂ ಹೇಳಿದೆ.”

“ಈಗ ಹೇಳು. ಎಲ್ಲಾ ಕೇಳ್ತೀನಿ,” ಅಂದ.

ಚೈತ್ರ ಇಲ್ಲವೆಂದು ತಲೆಯಾಡಿಸಿದಳು. “ಇನ್ನೊಂದ್ಸಲ ಹೇಳೋಕೆ ಆಗಲ್ಲಪ್ಪಾ.”

ಅವಳು ಎದ್ದು ಮಾಡಿಕೊಟ್ಟ ಕಾಫಿ ಕುಡಿದು ಅವನು ಮೆಟ್ಟಿಲಿಳಿದು ಬಂದ. ಮಾರ್ಕೆಟ್ಟಿನಲ್ಲಿ ಹೂವಿನವರು, ಸೊಪ್ಪಿನವರು ಬಾಯಿ ತೆರೆದು ಕೂಗುತ್ತಿದ್ದರು. ಜನರ ನಡುವೆ, ಒಬ್ಬನೇ ನೀರಿನಡಿ ನಡೆಯುವವನ ಹಾಗೆ ನಡೆದು ಬಸ್ ಸ್ಟಾಪಿಗೆ ಬಂದ.

ಲತಾ ಅವನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಬಂದಾಗ ಗುಂಡಿ ಒತ್ತಿ ಅಂದರು. ಬಹಳ ಹೊತ್ತು ಅವನು ಗುಂಡಿಯ ಮೇಲೆ ಬೆರಳಿಟ್ಟು ಸುಮ್ಮನೆ ಕೂತಿದ್ದ. ವರ್ಷಗಟ್ಟಲೆ ತಗಡಿನ ಸದ್ದು, ಮಿಷನ್ನಿನ ಸದ್ದು ಕೇಳಿ ಹಾಳಾದದ್ದು, ಹೋದದ್ದು ವಾಪಸ್ ಬರುವುದಿಲ್ಲ, ಕಿವಿಗೆ ಮಿಷನ್ ಹಾಕಿಕೊಂಡರೆ ಮಾತು ಹಿಡಿಯಬಹುದು ಎಂದರು ಡಾಕ್ಟರು. ಹಾಕಿಕೊಂಡ ಮೊದಲ ದಿನ ಚಮಚ ತಟ್ಟೆಗೆ ತಾಗಿದ ಸದ್ದಿಗೇ ಬೆಚ್ಚಿದ. ಶೆಡ್ಡಿನಲ್ಲಿ ಅದನ್ನು ಹಾಕಿಕೊಳ್ಳಲು ಆಗುವುದಿಲ್ಲ, ಸುತ್ತಿಗೆ ಏಟು ತಲೆಯೊಳಗೇ ಬಿದ್ದ ಹಾಗಾಗುತ್ತದೆ. ಹಾಗಾಗಿ ಬಂದವರಿಗೆ, “ನನ್ನ ಮುಂದೆ ನಿಂತು ಮಾತಾಡಿ, ಕಿವಿ ಕೇಳ್ಸಲ್ಲ,” ಎಂದು ಮೊದಲೇ ಹೇಳುತ್ತಾನೆ. ಅದನ್ನು ಕೇಳಿ ಬೇರೆ ಕಡೆ ಹೋದವರಿದ್ದಾರೆ. ಕಿವಿಯಿಲ್ಲದ ಮೆಕ್ಯಾನಿಕ್ ಎಂದು ಟೀ ಅಂಗಡಿಯಲ್ಲಿ ಮಾತಾಯಿತು. ಅವನು ಈಗ ಗಾಳಿ ಪೈಪುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾನೆ. ಹೊತ್ತು ಹಿಡಿಯುತ್ತದೆ.

ಚೈತ್ರ ಹೇರೋಹಳ್ಳಿಗೆ ವಾಪಸ್ ಬಂದು ನೆಲೆಸಲಿಲ್ಲ. ತನ್ನ ರೂಮು ತನಗಿರಲಿ ಅಂದಳು. ವಿಚ್ಛೇದನದ ಕೇಸು ನಡೆಯುತ್ತಿದೆ. ವಕೀಲರ ಹತ್ತಿರ ನಾನು ಬರಲಾ ಎಂದು ನಾಗೇಂದ್ರ ಕೇಳಿದಾಗ, “ಅಮ್ಮ ಬರ್ತಾಳೆ ಬಿಡು,” ಅಂದಳು. ಅವನು ಒತ್ತಾಯ ಮಾಡಲಿಲ್ಲ. ಶಿವಕಿರಣ್ ಕಡೆಯವರು ಒಮ್ಮೆ ಶೆಡ್ಡಿಗೆ ರಾಜಿಗೆಂದು ಬಂದಿದ್ದರು. ಅವರನ್ನು ಎದುರಿಗೆ ನಿಲ್ಲಿಸಿಕೊಂಡು, ಪ್ರತಿ ಮಾತನ್ನೂ ಎರಡೆರಡು ಸಲ ಹೇಳಿಸಿ, ಕೊನೆಗೆ, “ಆಗಲ್ಲ. ನನ್ನ ಮಗಳು ಅಲ್ಲಿಗೆ ಬರಲ್ಲ,” ಎಂದು ಕಳಿಸಿದ. ಅದನ್ನು ಲತಾ ಮಗಳಿಗೆ ಹೇಳಿದಳು. ಅದರ ಮುಂದಿನ ಭಾನುವಾರ ಚೈತ್ರ ಹೇರೋಹಳ್ಳಿಗೆ ಬಂದಳು.

ಈಗ ಕೆಲವು ಭಾನುವಾರ ಬರುತ್ತಾಳೆ, ಕೆಲವು ಭಾನುವಾರ ಬರುವುದಿಲ್ಲ. ಅಪ್ಪ ಮಗಳ ನಡುವೆ ಹೆಚ್ಚು ಮಾತಿಲ್ಲ. ಹಳೆಯ ಸಲಿಗೆ ಬಂದಿಲ್ಲ. ಬರುತ್ತದೋ ಇಲ್ಲವೋ ನಾಗೇಂದ್ರನಿಗೆ ಗೊತ್ತಿಲ್ಲ. ಆ ದಿನ ಓಮ್ನಿಯಲ್ಲಿ ಆಡಿದ ಮಾತನ್ನು ಅವಳು ಮತ್ತೆ ಹೇಳಿಲ್ಲ. ಅವನೂ ಕೇಳಿಲ್ಲ.

ಹೋದ ಭಾನುವಾರ ಮಧ್ಯಾಹ್ನ ಮುದ್ದೆ, ಉಪ್ಸಾರು ಉಂಡು ಅವಳು ನಡುಮನೆಯ ಚಾಪೆಯ ಮೇಲೆ ಮಲಗಿ ನಿದ್ದೆ ಹೋದಳು. ವಿಜಯನಗರದ ರೂಮಿನಲ್ಲಿ ನಿದ್ದೆಯೇ ಬರುವುದಿಲ್ಲ ಎಂದು ಅಮ್ಮನಿಗೆ ಹೇಳಿದ್ದಳಂತೆ. ನಾಗೇಂದ್ರ ಶೆಡ್ಡಿನ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಯಾರೋ ಒಬ್ಬರು ಕಾರು ತಂದು ನಿಲ್ಲಿಸಿ, ಹಾರ್ನ್ ಹೊಡೆಯಲು ಕೈ ಎತ್ತಿದ್ದು ಕಂಡಿತು. ಅವನು ಓಡಿಹೋಗಿ ಎರಡೂ ಕೈ ಅಡ್ಡ ಹಿಡಿದ.

“ಇವತ್ತು ಬೇಡ ಸಾರ್, ನಾಳೆ ಬನ್ನಿ. ಮಗು ಮಲಗಿದೆ.”